ಮಾವನವರು ಉಡುಗೊರೆಯಾಗಿ ಕೊಟ್ಟ ಕೋವಿಯನ್ನು ಪತ್ನಿಯ ಹೆಸರಿಗೆ ಮಾಡಿಸುವುದು ಹೇಗೆ?

ಕಾಫಿತೋಟದವರು:
ನನ್ನ ಮಾವನವರು 1998ರಲ್ಲಿ ತಮ್ಮ 12 ಬೋರಿನ ಜೋಡುನಳಿಗೆ ಕೋವಿಯನ್ನು ನನಗೆ ಉಡುಗೊರೆಯಾಗಿ ಕೊಟ್ಟರು. ಅದು ಆಗಲೇ ಕ್ರಮಬದ್ಧವಾಗಿ ನನ್ನ ಪರವಾನಗಿಯಲ್ಲಿ ನಮೂದಾಗಿದ್ದು, ಇಂದಿನವರೆಗೆ ನವೀಕರಣ ಒಮ್ಮೆಯೂ ತಪ್ಪಿಲ್ಲ. ಈಗ ನಾನು ಉದ್ಯೋಗದ ಕಾರಣದಿಂದ ಹೊರರಾಜ್ಯದಲ್ಲಿ ನೆಲೆಸಬೇಕಾಗಿದೆ. ತೋಟ, ಮನೆ ಎರಡನ್ನೂ ನೋಡಿಕೊಳ್ಳುವವರು ನನ್ನ ಪತ್ನಿ. ಹೇಗಿದ್ದರೂ ಅವರ ತಂದೆಯ ಕೋವಿ, ಅವರ ಹೆಸರಿನಲ್ಲಿಯೇ ಇರಲಿ ಎಂಬುದು ನಮ್ಮಿಬ್ಬರ ಇಚ್ಛೆ. ಛಾಪಾ ಕಾಗದದ ಮೇಲೆ ದಾನಪತ್ರ ಬರೆದುಕೊಟ್ಟರೆ ಸಾಕಾಗುತ್ತದೆಯೇ? ಗಂಡನಿಗೆ ಪರವಾನಗಿ ಇರುವಾಗ ಹೆಂಡತಿಗೆ ಪ್ರತ್ಯೇಕವಾದದ್ದು ಬೇಕೇ?

ಕಿರಿಯ ವಕೀಲೆ:
ಬೇಕೇ ಬೇಕು. ಪರವಾನಗಿ ಕೊಡುವುದು ವ್ಯಕ್ತಿಗೇ ಹೊರತು ಮನೆಗಾಗಲಿ ಕುಟುಂಬಕ್ಕಾಗಲಿ ಅಲ್ಲ; 1959ರ ಶಸ್ತ್ರಾಸ್ತ್ರ ಕಾಯ್ದೆಯ 3ನೇ ಕಲಮಿನಲ್ಲಿ ದಂಪತಿಗಳೆಂಬ ಕಾರಣಕ್ಕೆ ಯಾವ ವಿನಾಯಿತಿಯೂ ಇಲ್ಲ. ದಾನಪತ್ರದ ವಿಷಯದಲ್ಲಿ ಅನೇಕರು ಎಡವುತ್ತಾರೆ. ಚರ ಆಸ್ತಿಯ ದಾನವು ವಸ್ತುವನ್ನು ಕೈಗೆ ಒಪ್ಪಿಸಿದರೂ ಪೂರ್ಣವಾಗುತ್ತದೆ ಎಂದು ಆಸ್ತಿ ವರ್ಗಾವಣೆ ಕಾಯ್ದೆ ಹೇಳುತ್ತದೆ. ಆದರೆ ಕೋವಿಯ ಮಟ್ಟಿಗೆ, ಪಡೆಯುವವರಿಗೆ ಪರವಾನಗಿ ಇಲ್ಲದಿದ್ದರೆ ಹಾಗೆ ಕೈಗೊಪ್ಪಿಸುವುದೇ ಅಪರಾಧ. ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ‘ವರ್ಗಾವಣೆ’ ಎಂಬ ಪದಕ್ಕೆ ಕೊಡುವುದು, ಎರವಲು ನೀಡುವುದು, ವಶ ಬಿಟ್ಟುಕೊಡುವುದು ಎಲ್ಲವೂ ಸೇರಿವೆ.

ಆದ್ದರಿಂದ ಮೊದಲು ತಮ್ಮ ಪತ್ನಿಯವರು ತಮ್ಮದೇ ಹೆಸರಿನಲ್ಲಿ ಅರ್ಜಿ ಸಲ್ಲಿಸಲಿ. ಅವರಿಗೆ ಪರವಾನಗಿ ದೊರೆತ ಮೇಲೆ, ಕೋವಿಯನ್ನು ಇಂಥವರಿಗೆ ಕೊಡಲು ಉದ್ದೇಶಿಸಿದ್ದೇನೆ ಎಂದು ಹೆಸರು, ವಿಳಾಸ ಸಹಿತ ತಾವು ಜಿಲ್ಲಾ ದಂಡಾಧಿಕಾರಿಗಾಗಲಿ ಹತ್ತಿರದ ಪೊಲೀಸ್ ಠಾಣಾಧಿಕಾರಿಗಾಗಲಿ ಲಿಖಿತವಾಗಿ ತಿಳಿಸಿ, ಕನಿಷ್ಠ 45 ದಿನ ಕಳೆದ ನಂತರವೇ ಹಸ್ತಾಂತರಿಸಬೇಕು. ಇದು 5ನೇ ಕಲಮಿನ ಸಾಮಾನ್ಯ ಮಾರ್ಗ.

ನಿವೃತ್ತ ಶಿರಸ್ತೇದಾರ:
ವಕೀಲರು ಹೇಳಿದ್ದು ಸರಿ. ಆದರೆ ಪ್ರಶ್ನೆ ಕೇಳಿದವರು 1998 ಎಂದು ಬರೆದಿರುವುದನ್ನು ಗಮನಿಸಬೇಕು, ಏಕೆಂದರೆ ಅವರಿಗೆ ಇನ್ನೊಂದು ದಾರಿ ತೆರೆದಿದೆ. 2016ರ ಶಸ್ತ್ರಾಸ್ತ್ರ ನಿಯಮಗಳ 25ನೇ ನಿಯಮದ ಪ್ರಕಾರ, ಪರವಾನಗಿದಾರರಿಗೆ 70 ವರ್ಷ ತುಂಬಿದ್ದರೆ ಅಥವಾ ಅವರು ಆ ಕೋವಿಯನ್ನು 25 ವರ್ಷ ಹೊಂದಿದ್ದರೆ, ಇವೆರಡರಲ್ಲಿ ಯಾವುದು ಮೊದಲೋ ಆಗ, ಅವರು ಸೂಚಿಸಿದ ವಾರಸುದಾರರಿಗೆ ಪರವಾನಗಿ ನೀಡಬಹುದು. ವಾರಸುದಾರರು ಎಂದ ಕೂಡಲೇ ಜನ ಸತ್ತ ಮೇಲಿನ ಮಾತೆಂದು ತಿಳಿಯುತ್ತಾರೆ. ಇಲ್ಲಿ ಹಾಗಲ್ಲ, ಬದುಕಿರುವಾಗಲೇ ಸೂಚಿಸಬಹುದು, ಪತ್ನಿಯೂ ಆ ಪಟ್ಟಿಯಲ್ಲಿದ್ದಾರೆ. ಹಾಗೆಂದು ಅದು ತಾನಾಗಿ ಬರುವ ಹಕ್ಕಲ್ಲ. ಪೊಲೀಸ್ ವರದಿಯಲ್ಲಿ ಪ್ರತಿಕೂಲ ಅಭಿಪ್ರಾಯವಿರಬಾರದು, ಅರ್ಜಿದಾರರಿಗೆ ಇರಬೇಕಾದ ಉಳಿದ ಅರ್ಹತೆಗಳೂ ಇರಬೇಕು.

ಅರ್ಜಿಯನ್ನು ಜಿಲ್ಲಾಧಿಕಾರಿಗಳ ಕಚೇರಿಗೆ ಸಲ್ಲಿಸಬೇಕು. ಬೆಂಗಳೂರು ನಗರದವರಾದರೆ ಪೊಲೀಸ್ ಆಯುಕ್ತರ ಕಚೇರಿಗೆ. ತಮ್ಮ ಪತ್ನಿಯವರ ಹೆಸರಿನಲ್ಲಿ ಈಗಾಗಲೇ ಎರಡು ಕೋವಿಗಳಿದ್ದರೆ ಮೂರನೆಯದಕ್ಕೆ ಅವಕಾಶವಿಲ್ಲ, 2019ರ ತಿದ್ದುಪಡಿ ಆ ಮಿತಿಯನ್ನು ಮೂರರಿಂದ ಎರಡಕ್ಕೆ ಇಳಿಸಿದೆ.

ಕಾಫಿತೋಟದವರು:
ಇಬ್ಬರಿಗೂ ವಂದನೆಗಳು. ಪತ್ನಿಯ ಹೆಸರಿನಲ್ಲಿ ಬೇರೆ ಯಾವ ಕೋವಿಯೂ ಇಲ್ಲ. ನಾನು ಮುಂದಿನ ತಿಂಗಳೇ ಹೊರಡಬೇಕಾಗಿದೆ. ಅರ್ಜಿ ಇತ್ಯರ್ಥವಾಗುವವರೆಗೆ ಕೋವಿ ಮನೆಯ ಬೀರುವಿನಲ್ಲಿದ್ದು, ಬೀಗದ ಕೈ ಅವರ ಬಳಿ ಇದ್ದರೆ ತೊಂದರೆಯೇ?

ಕಿರಿಯ ವಕೀಲೆ:
ಬೀಗದ ಕೈ ಯಾರ ಬಳಿ ಇದೆಯೋ ಕೋವಿ ಅವರ ವಶದಲ್ಲಿದೆ ಎಂಬ ವಾದಕ್ಕೆ ಎಡೆಗೊಡಬೇಡಿ. ಪರವಾನಗಿದಾರರ ಸಮ್ಮುಖದಲ್ಲಿ, ಅಥವಾ ಅವರ ಲಿಖಿತ ಅಧಿಕಾರದ ಮೇಲೆ ದುರಸ್ತಿಗೋ ನವೀಕರಣಕ್ಕೋ ಬೇರೆಯವರು ಕೋವಿಯನ್ನು ಒಯ್ಯಬಹುದು ಎಂಬ ಚಿಕ್ಕ ರಿಯಾಯಿತಿ 3ನೇ ಕಲಮಿನಲ್ಲಿದೆ. ತಿಂಗಳುಗಟ್ಟಲೆ ಮನೆಯಲ್ಲಿ ಇಟ್ಟುಕೊಳ್ಳುವುದಕ್ಕೆ ಅದು ಅನ್ವಯಿಸುವುದಿಲ್ಲ.

ನಿವೃತ್ತ ಶಿರಸ್ತೇದಾರ:
ಹೊರಡುವ ಮೊದಲು ಠಾಣೆಯಲ್ಲಾಗಲಿ ಪರವಾನಗಿ ಪಡೆದ ಕೋವಿ ವ್ಯಾಪಾರಿಯ ಬಳಿಯಾಗಲಿ ಠೇವಣಿ ಇಡಿ. ಚುನಾವಣೆಯ ಕಾಲದಲ್ಲಿ ಕೋವಿ ಒಪ್ಪಿಸಿ ಅಭ್ಯಾಸವಿರುವವರಿಗೆ ಇದು ಹೊಸದೇನಲ್ಲ. ರಸೀದಿಯಲ್ಲಿ ಕೋವಿಯ ಸಂಖ್ಯೆಯ ಜೊತೆಗೆ ಒಪ್ಪಿಸಿದ ತೋಟಾಗಳ ಎಣಿಕೆಯನ್ನೂ ಬರೆಸಿಕೊಳ್ಳಿ, ಮತ್ತು ಅದರ ಒಂದು ಪ್ರತಿಯನ್ನು ಪತ್ನಿಯವರ ಅರ್ಜಿಯೊಂದಿಗೆ ಲಗತ್ತಿಸಿ.