ಲಕ್ವದ ನಂತರ ನಡೆಯುವಾಗ ಮಾತನಾಡಿಸಿದರೆ ನಿಂತುಬಿಡುತ್ತಾರೆ: ಮಗ್ಗಿ ಹೇಳಿಸುತ್ತಾ ನಡೆಸಬಹುದೇ?

ಪ್ರಶ್ನೆ (ವಿದ್ಯಾನಗರ, ದಾವಣಗೆರೆ)

ನಮಸ್ಕಾರ. ನನ್ನ ತಂದೆಯವರಿಗೆ 68 ವರ್ಷ. ಎಪಿಎಂಸಿ ಯಾರ್ಡಿನ ದಲ್ಲಾಳಿ ಅಂಗಡಿಯಲ್ಲಿ ಮೂವತ್ತು ವರ್ಷ ಲೆಕ್ಕ ಬರೆದವರು. ಏಳು ತಿಂಗಳ ಹಿಂದೆ ಲಕ್ವ ಹೊಡೆದಿತ್ತು. ಈಗ ಕೋಲು ಹಿಡಿದು ಬೆಳಿಗ್ಗೆ ಕುಂದುವಾಡ ಕೆರೆಯ ಬಳಿ ನಡೆಯುತ್ತಾರೆ. ಸುಮ್ಮನೆ ನಡೆದರೆ ಹತ್ತು ಮೀಟರಿಗೆ 16 ಸೆಕೆಂಡು ಸಾಕು. ಆದರೆ ಪರಿಚಯದವರು ಮಾತನಾಡಿಸಿದರೆ ಇಲ್ಲವೇ ಜೇಬಿನಲ್ಲಿ ಫೋನ್ ಬಡಿದುಕೊಂಡರೆ ಹೆಜ್ಜೆ ತೊಡರಿ ನಿಂತುಬಿಡುತ್ತಾರೆ. ನಡೆಯುವಾಗ ಬಾಯಿಬಿಡಲೇಬಾರದು ಎಂದು ದೊಡ್ಡಪ್ಪನವರು ಹೇಳಿದರೆ, ಮಗ್ಗಿ ಹೇಳುತ್ತಲೇ ನಡೆಯಬೇಕು ಎಂದು ಫಿಸಿಯೋಥೆರಪಿಯವರು ಹೇಳಿದರು. ಯಾರ ಮಾತು ಹಿಡಿಯಲಿ?

ಉತ್ತರ (ಫಿಸಿಯೋಥೆರಪಿಸ್ಟ್, ಚಿತ್ರದುರ್ಗ)

ಇಬ್ಬರ ಮಾತಿನಲ್ಲೂ ಹುರುಳಿದೆ. ಎಲ್ಲಿ ಮತ್ತು ಯಾವಾಗ ಎಂಬುದಷ್ಟೇ ಬೇರೆ. ಆರೋಗ್ಯವಂತರ ನಡಿಗೆಯನ್ನು ಬಹುಪಾಲು ಬೆನ್ನುಹುರಿ, ಮಿದುಳಿನ ಕಾಂಡ ಮತ್ತು ಕಿರುಮಿದುಳು ತಾವಾಗಿಯೇ ನಡೆಸುವುದರಿಂದ ಗಮನವನ್ನು ಬೇರೆಡೆ ಹರಿಸಲು ಅವಕಾಶವಿರುತ್ತದೆ. ಲಕ್ವದ ನಂತರ ಪ್ರತಿ ಹೆಜ್ಜೆಯನ್ನೂ ಯೋಚಿಸಿ ಇಡಬೇಕಾಗುತ್ತದೆ. ಆಗ ಮಾತಿಗೂ ಹೆಜ್ಜೆಗೂ ಒಂದೇ ಗಮನವನ್ನು ಹಂಚಬೇಕಾಗಿ, ಎರಡರಲ್ಲಿ ಒಂದು ಸೊರಗುತ್ತದೆ. ಮಾತನಾಡಿಸಿದಾಗ ನಿಲ್ಲುವುದನ್ನು ನೀವು ಗಮನಿಸಿದ್ದು ಒಳ್ಳೆಯದಾಯಿತು: 1997ರಲ್ಲಿ ಸ್ವೀಡನ್ನಿನ ಸಂಶೋಧಕರು 58 ವೃದ್ಧರನ್ನು ಹೀಗೆಯೇ ನೋಡಿದಾಗ ಮಾತಿಗೆ ನಿಂತವರು 12 ಮಂದಿ, ಮುಂದಿನ ಆರು ತಿಂಗಳಲ್ಲಿ ಅವರಲ್ಲಿ 10 ಮಂದಿ ಬಿದ್ದಿದ್ದರು. ಅವರಲ್ಲಿ ಎಲ್ಲರೂ ಲಕ್ವದ ರೋಗಿಗಳೇ ಆಗಿರಲಿಲ್ಲ ಎಂಬುದೂ ನೆನಪಿರಲಿ.

ಮಗ್ಗಿಯ ಬಗ್ಗೆ ನನಗೊಂದು ಅನುಮಾನವಿದೆ. ಜೀವನವಿಡೀ ಲೆಕ್ಕ ಬರೆದವರಿಗೆ ಮಗ್ಗಿ ಬಾಯಿಪಾಠ. ಅದು ಮನಸ್ಸಿಗೆ ಹೊರೆಯೇ ಅಲ್ಲ. ನೂರರಿಂದ ಮೂರು ಮೂರು ಕಳೆಯುತ್ತಾ ಬರಲಿ, ಅಥವಾ ತರಕಾರಿಗಳ ಹೆಸರು ಹೇಳಲಿ. ಮೊದಲು ಕುಳಿತಲ್ಲೇ ಅರ್ಧ ನಿಮಿಷದಲ್ಲಿ ಎಷ್ಟು ಉತ್ತರ ಸರಿ ಬರುತ್ತವೆಂದು ಬರೆದುಕೊಂಡು, ಅನಂತರ ನಡೆಸುತ್ತಾ ಅಷ್ಟೇ ಹೊತ್ತು ಎಣಿಸಿ. ನಡಿಗೆಯ ವೇಗವೊಂದನ್ನೇ ಅಳೆದರೆ ಮೋಸಹೋಗುತ್ತೀರಿ. ಕೆಲವರು ವೇಗ ಉಳಿಸಿಕೊಂಡು ಉತ್ತರವನ್ನು ಕೈಬಿಡುತ್ತಾರೆ. ಮನೆಯ ಪಡಸಾಲೆಯಲ್ಲಿ, ಬಲ ಕಡಿಮೆಯಾದ ಪಕ್ಕದಲ್ಲಿ ನೀವು ನಿಂತು ಮಾಡಿಸಿ, ರಸ್ತೆಯಲ್ಲಿ ಬೇಡ. ಇಂಥ ಅಭ್ಯಾಸದಿಂದ ನಡಿಗೆ ತುಸು ಸುಧಾರಿಸುತ್ತದೆ ಎಂದು ಅಧ್ಯಯನಗಳು ಹೇಳುತ್ತವೆ. ಬೀಳುವುದು ತಪ್ಪುತ್ತದೆ ಎಂಬುದಕ್ಕೆ ಅಷ್ಟು ಗಟ್ಟಿ ಆಧಾರವಿಲ್ಲ. ಸ್ವಾಧೀನ ತಪ್ಪಿದ್ದು ಯಾವ ಪಕ್ಕ? ಮಾತಿಗೆ ತೊಂದರೆಯಿತ್ತೇ?

ಉತ್ತರ (ಜೋಗಿಮಟ್ಟಿ ರಸ್ತೆ, ಚಿತ್ರದುರ್ಗ)

ನಮ್ಮ ಯಜಮಾನರಿಗೂ ಹೀಗೆಯೇ ಇತ್ತು. ಲೆಕ್ಕ ಕೇಳಿದರೆ ಸಿಟ್ಟಾಗುತ್ತಿದ್ದರು, ಪರೀಕ್ಷೆಗೆ ಕೂರಿಸಿದಂತೆ ಅನ್ನಿಸುತ್ತಿತ್ತೇನೋ. ಆದ್ದರಿಂದ ಸಂತೆಯಿಂದ ಏನೇನು ತರಬೇಕೆಂದು ಕೇಳುತ್ತಾ ನಡೆಸಿದೆ. ತಿರುಗುವಾಗ ಮಾತ್ರ ನಾನು ಸುಮ್ಮನಿರುತ್ತಿದ್ದೆ, ಏಕೆಂದರೆ ಅವರು ವಾಲುತ್ತಿದ್ದುದು ತಿರುಗುವಾಗಲೇ.

ಪ್ರಶ್ನೆ ಕೇಳಿದವರು

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಬಲಪಕ್ಕ. ಮೊದಲ ಎರಡು ತಿಂಗಳು ಮಾತು ತೊದಲುತ್ತಿತ್ತು, ಈಗಲೂ ಹೆಸರುಗಳು ಬೇಗ ಬಾಯಿಗೆ ಬರುವುದಿಲ್ಲ. ನೀವು ಹೇಳಿದಂತೆ ಎಣಿಸಿದೆವು. ತರಕಾರಿಯ ಹೆಸರು ಕುಳಿತಾಗ ಐದು, ನಡೆಯುವಾಗಲೂ ಐದು. ಕಳೆಯುವ ಲೆಕ್ಕವನ್ನು ನಿಲ್ಲದೆ ಹೇಳಿದರು, ನಡಿಗೆ ಮಾತ್ರ ನಿಧಾನವಾಗಿ, ಹತ್ತು ಮೀಟರಿಗೆ 16ರ ಬದಲು 19 ಸೆಕೆಂಡು ಹಿಡಿಯಿತು. ಫೋನ್ ಬಂದಾಗ ಮಾತ್ರ ಮೊದಲಿನಂತೆ ನಿಂತೇಬಿಟ್ಟರು.

ಉತ್ತರ (ಫಿಸಿಯೋಥೆರಪಿಸ್ಟ್, ಚಿತ್ರದುರ್ಗ)

ಹಾಗಾದರೆ ಹೆಸರು ಹೇಳಲು ತಡವಾಗುವುದು ನಡಿಗೆಯಿಂದಲ್ಲ, ಮಾತಿನ ತೊಂದರೆಯಿಂದ. ಅದಕ್ಕೆ ವಾಕ್ ಚಿಕಿತ್ಸಕರನ್ನು ಕಾಣಿರಿ. ಕಳೆಯುವ ಲೆಕ್ಕದಿಂದಲೇ ಅಭ್ಯಾಸ ಆರಂಭಿಸಿ. ಅದು ಸಲೀಸಾದ ಮೇಲೆ ಹಿಂದಿನ ದಿನದ ಖರ್ಚನ್ನು ಕೂಡಿಸುವಂಥ ಲೆಕ್ಕ ಕೊಡಿ. ಇನ್ನು ಫೋನು. ಕೋಲು ಎಡಗೈಯಲ್ಲಿದೆ, ಬಲಗೈ ಸೋತಿದೆ. ಜೇಬಿಗೆ ಕೈ ಹಾಕುವುದಾದರೂ ಹೇಗೆ? ಅಲ್ಲಿ ಅವರು ನಿಲ್ಲುವುದೇ ಸರಿ, ಅದನ್ನು ತಿದ್ದಲು ಹೋಗಬೇಡಿ. ಕೆರೆಗೆ ಹೊರಡುವಾಗ ಫೋನನ್ನು ನೀವೇ ಇಟ್ಟುಕೊಳ್ಳಿ.