ಫ್ಲ್ಯಾಗ್ ಫುಟ್‌ಬಾಲ್ ಆಡಿದವರು ಸ್ವಲ್ಪ ಹೇಳಿ

ಪ್ರಶ್ನೆ: ಓಹಾಯೋದಲ್ಲಿ ಎಂ.ಎಸ್. ಓದುತ್ತಿದ್ದೇನೆ. ನಮ್ಮ ಲ್ಯಾಬಿನವರು ಯೂನಿವರ್ಸಿಟಿಯ ಒಳಗಿನವರೇ ಆಡುವ ಇಂಟ್ರಾಮ್ಯೂರಲ್ ಫ್ಲ್ಯಾಗ್ ಫುಟ್‌ಬಾಲ್‌ಗೆ ಕೋ-ರೆಕ್ ಟೀಮ್, ಅಂದರೆ ಹುಡುಗರು ಹುಡುಗಿಯರು ಸೇರಿ ಆಡುವ ಟೀಮ್, ಕಟ್ಟಿದ್ದಾರೆ. ಹುಡುಗಿಯರು ಸಾಲಲಿಲ್ಲ ಅಂತ ನನ್ನ ಹೆಸರನ್ನೂ ಸೇರಿಸಿಬಿಟ್ಟಿದ್ದಾರೆ. ಹೈಸ್ಕೂಲಿನಲ್ಲಿ ಖೋ-ಖೋ ಆಡಿದ್ದು ಬಿಟ್ಟರೆ ನನಗೆ ಏನೂ ಬರಲ್ಲ. ಏಟು ಬೀಳುತ್ತದಾ? ಏನು ಕಲಿತುಕೊಂಡು ಹೋಗಬೇಕು?

ಉತ್ತರ 1: ಹೆದರಬೇಡಿ ಮೇಡಂ, ಟಿವಿಯಲ್ಲಿ ಕಾಣುವ ಅಮೆರಿಕನ್ ಫುಟ್‌ಬಾಲ್ ಹಾಗೆ ಯಾರೂ ಬಂದು ಗುದ್ದಿ ಕೆಡವುವುದಿಲ್ಲ. ಸೊಂಟದ ಬೆಲ್ಟಿಗೆ ಪಟ್ಟಿಗಳು, ಅಂದರೆ ಫ್ಲ್ಯಾಗ್‌ಗಳು, ನೇತಾಡುತ್ತಿರುತ್ತವೆ, ಚೆಂಡು ಹಿಡಿದವರ ಪಟ್ಟಿ ಕಿತ್ತರೆ ಆ ಸಲದ ಆಟ ಅಲ್ಲಿಗೇ ನಿಂತಿತು. ಚೆಂಡು ನೆಲಕ್ಕೆ ಬಿದ್ದರೂ ಅಷ್ಟೇ, ಅದರ ಮೇಲೆ ಯಾರೂ ಬೀಳುವ ಹಾಗಿಲ್ಲ. ಚೆಂಡು ಇರುವ ಟೀಮ್ ನಾಲ್ಕು ಅವಕಾಶದೊಳಗೆ ಮುಂದಿನ 20 ಗಜದ ಗೆರೆ ದಾಟಿದರೆ ಮತ್ತೆ ನಾಲ್ಕು ಸಿಗುತ್ತವೆ. ಇಷ್ಟು ಗೊತ್ತಿದ್ದರೆ ಮೊದಲ ಮ್ಯಾಚಿಗೆ ಸಾಕು.

ಆದರೆ ಕೋ-ರೆಕ್ ನಿಯಮ ಮಾತ್ರ ಪೂರ್ತಿ ಓದಿಕೊಂಡು ಹೋಗಿ. ನಾನು ಆಡಿದ ಕಡೆ ಒಂದು ಟೀಮಿಗೆ ಎಂಟು ಜನ, ನಾಲ್ಕು ಹುಡುಗರು ನಾಲ್ಕು ಹುಡುಗಿಯರು. ಹುಡುಗ ಹುಡುಗನಿಗೇ ಒಂದರ ಹಿಂದೊಂದು ಪಾಸ್ ಕೊಡುತ್ತಾ ಹೋಗುವ ಹಾಗಿಲ್ಲ, ನಡುವೆ ಹುಡುಗಿ ಬರಲೇಬೇಕು. ಚೆಂಡು ಎತ್ತಿಕೊಂಡು ಎದುರಿನ ಸಾಲನ್ನು ನುಗ್ಗಿ ದಾಟುವುದು ಹುಡುಗಿಯರು ಮಾತ್ರ. ಹುಡುಗಿ ಟಚ್‌ಡೌನ್ ಹೊಡೆದರೆ, ಅಂದರೆ ಚೆಂಡನ್ನು ಎದುರಾಳಿಗಳ ಗೋಲ್ ಗೆರೆ ದಾಟಿಸಿದರೆ, ಅಥವಾ ಅವಳು ಎಸೆದ ಪಾಸಿಗೆ ಟಚ್‌ಡೌನ್ ಬಂದರೆ ಆರರ ಬದಲು 9 ಪಾಯಿಂಟ್. ಹಾಗಾಗಿ ಲೆಕ್ಕ ಭರ್ತಿಗೆ ಸೇರಿಸಿಕೊಂಡಿದ್ದಾರೆ ಅಂದುಕೊಳ್ಳಬೇಡಿ, ಪಾಸ್ ಕೇಳಿ ತಗೊಳ್ಳಿ.

ಉತ್ತರ 2: ಖೋ-ಖೋ ಆಡಿದ್ದೀರಲ್ಲ, ಮತ್ತೇನು ಬೇಕು! ನಾನೂ ಅಲ್ಲಿಂದಲೇ ಬಂದವಳು. ಡಿಫೆನ್ಸ್‌ಗೆ ನಿಲ್ಲಿಸಿ ಅಂತ ಮೊದಲೇ ಹೇಳಿಬಿಡಿ. ಓಡಿ ಬರುವವರ ಮುಖ, ಭುಜ ನೋಡಿದರೆ ಮೋಸ ಹೋಗುತ್ತೀರಿ, ಅದನ್ನು ಅವರು ಬೇಕಾದ ಕಡೆ ಅಲ್ಲಾಡಿಸುತ್ತಾರೆ. ಸೊಂಟ ನೋಡಿ, ಸೊಂಟ ಹೋದ ಕಡೆಗೇ ಆಳು ಹೋಗಬೇಕು. ಹತ್ತಿರ ಬಂದಾಗ ಹೆಜ್ಜೆ ಚಿಕ್ಕದು ಮಾಡಿ, ಮಂಡಿ ಬಗ್ಗಿಸಿ, ಆಮೇಲೆ ಕೈ ಹಾಕಿ. ಪೂರ್ತಿ ವೇಗದಲ್ಲಿ ಹಾರಿ ಕೈ ಚಾಚಿದರೆ ಬರೀ ಗಾಳಿ ಸಿಗುತ್ತದೆ. ನಿಮ್ಮ ಕೈಯಲ್ಲಿ ಚೆಂಡಿದ್ದಾಗ ಪಟ್ಟಿಗೆ ಕೈ ಅಡ್ಡ ಹಿಡಿಯಬೇಡಿ, ಅದು ಫ್ಲ್ಯಾಗ್ ಗಾರ್ಡಿಂಗ್, 10 ಗಜ ಹಿಂದೆ ಹಾಕುತ್ತಾರೆ. ಹೊಸಬರೆಲ್ಲ ಗೊತ್ತಿಲ್ಲದೆ ಮಾಡುವುದು ಇದನ್ನೇ.

ಉತ್ತರ 3: ಎಸೆಯುವುದನ್ನು ಸದ್ಯಕ್ಕೆ ಬಿಡಿ, ಹಿಡಿಯುವುದನ್ನು ಕಲಿಯಿರಿ. ಎದೆಗಿಂತ ಮೇಲೆ ಬಂದರೆ ಹೆಬ್ಬೆರಳು ಎರಡೂ ಸೇರಿಸಿ, ಸೊಂಟದ ಕೆಳಗೆ ಬಂದರೆ ಕಿರುಬೆರಳು ಸೇರಿಸಿ. ಎದೆಗೆ ಅವುಚಿಕೊಂಡು ಹಿಡಿಯಲು ಹೋದರೆ ಪುಟಿದು ಹೋಗುತ್ತದೆ. ಹುಡುಗಿಯರಿಗೆ ಮತ್ತು ಕೋ-ರೆಕ್‌ಗೆ ಚಿಕ್ಕ ಸೈಜಿನ ಚೆಂಡು ಬಳಸಲು ಸಾಮಾನ್ಯವಾಗಿ ಬಿಡುತ್ತಾರೆ, ಕ್ಯಾಪ್ಟನ್‌ಗೆ ಹೇಳಿ ಅದನ್ನೇ ತರಿಸಿ. ಸ್ವಲ್ಪ ಧೈರ್ಯ ಬಂದಮೇಲೆ ಸೆಂಟರ್ ಜಾಗ ಕೇಳಿ. ಚೆಂಡು ಹಿಂದಕ್ಕೆ ಕೊಟ್ಟು ನಾಲ್ಕು ಹೆಜ್ಜೆ ಮುಂದೆ ಹೋಗಿ ತಿರುಗಿದರೆ ಸಾಕು, ಆ ಚಿಕ್ಕ ಪಾಸನ್ನು ಎದುರಾಳಿಗಳು ಯಾವಾಗಲೂ ಮರೆಯುತ್ತಾರೆ.

ಉತ್ತರ 4: ಮೇಲಿನವರು ಏಟೇ ಬೀಳಲ್ಲ ಅನ್ನೋ ಹಾಗೆ ಬರೆದಿದ್ದಾರೆ, ನಾನು ಒಪ್ಪುವುದಿಲ್ಲ. ಬೇಕಂತ ಯಾರೂ ಹೊಡೆಯಲ್ಲ ನಿಜ, ಆದರೆ ಇಬ್ಬರೂ ಚೆಂಡು ನೋಡಿಕೊಂಡು ಓಡಿದರೆ ತಲೆಗೆ ತಲೆ ತಾಗುತ್ತದೆ. ಬೆರಳು ಉಳುಕುವುದಂತೂ ಮಾಮೂಲಿ. ಅದಕ್ಕೇ ಜೇಬಿರುವ ಚಡ್ಡಿ ಹಾಕಿದರೆ ಆಡಲು ಬಿಡಲ್ಲ, ಪಟ್ಟಿ ಕೀಳಲು ಹೋದವರ ಬೆರಳು ಜೇಬಿಗೆ ಸಿಕ್ಕಿಕೊಳ್ಳುತ್ತದೆ. ಉಂಗುರ, ಬಳೆ, ಓಲೆ ಎಲ್ಲ ರೂಮಿನಲ್ಲೇ ಬಿಟ್ಟು ಹೋಗಿ. ಟೀ ಶರ್ಟ್ ಒಳಗೆ ಸೇರಿಸಿ. ಲೋಹದ ಮುಳ್ಳಿನ ಶೂ ನಡೆಯಲ್ಲ, ರಬ್ಬರಿನದ್ದು ಆಗುತ್ತದೆ.

ಇನ್ನೊಂದು ಮುಖ್ಯ ವಿಷಯ, ಸ್ಟೂಡೆಂಟ್ ಇನ್ಶೂರೆನ್ಸ್ ಕಾಗದ ಈಗಲೇ ತೆಗೆದು ನೋಡಿ. ಬೆರಳು ಊದಿದ್ದಕ್ಕೆಲ್ಲ ಎಮರ್ಜೆನ್ಸಿಗೆ ಓಡಿದರೆ ಬಿಲ್ ನೋಡಿ ನಿಜವಾದ ನೋವು ಶುರುವಾಗುತ್ತದೆ, ಮೊದಲು ಕ್ಯಾಂಪಸ್ಸಿನ ಹೆಲ್ತ್ ಸೆಂಟರಿಗೆ ಹೋಗಿ. ಮತ್ತೆ ನಿಮ್ಮ ಟೀಮ್ ಯಾವ ಡಿವಿಷನ್‌ಗೆ ಸೇರಿದೆ ಕೇಳಿ. ಕಾಂಪಿಟಿಟಿವ್‌ನಲ್ಲಿ ಹೈಸ್ಕೂಲಿನಿಂದ ಆಡಿಕೊಂಡು ಬಂದವರೇ ಜಾಸ್ತಿ, ಹೊಸ ಟೀಮಿಗೆ ರಿಕ್ರಿಯೇಷನಲ್ ಸಾಕು.

ಉತ್ತರ 5: ಆಟ ಹಿಡಿಸಿದರೆ ಮುಂದಿನ ಸೆಮಿಸ್ಟರಿಗೆ ರೆಫ್ರಿ ಕೆಲಸಕ್ಕೆ ಅರ್ಜಿ ಹಾಕಿ ತಂಗಿ. ಇಂಟ್ರಾಮ್ಯೂರಲ್ ಮ್ಯಾಚುಗಳಿಗೆ ಸಾಮಾನ್ಯವಾಗಿ ವಿದ್ಯಾರ್ಥಿಗಳನ್ನೇ ತೆಗೆದುಕೊಳ್ಳುತ್ತಾರೆ, ತರಬೇತಿಯನ್ನೂ ಅವರೇ ಕೊಡುತ್ತಾರೆ. ಎಫ್-1 ವಿದ್ಯಾರ್ಥಿ ವೀಸಾದವರಿಗೆ ಕ್ಲಾಸ್ ನಡೆಯುವಾಗ ಕ್ಯಾಂಪಸ್ಸಿನಲ್ಲಿ ವಾರಕ್ಕೆ 20 ಗಂಟೆವರೆಗೆ ಕೆಲಸ ಮಾಡಲು ಅವಕಾಶ ಇದೆ, ಇದೂ ಅದರಲ್ಲೇ ಬರುತ್ತದೆ. ರಾತ್ರಿ ಚಳಿಯಲ್ಲಿ ನಿಲ್ಲಬೇಕು, ಸೋತವರ ಬೈಗುಳ ಕೇಳಬೇಕು, ಆದರೆ ನಿಯಮ ಬಾಯಿಪಾಠ ಆಗುತ್ತದೆ. ಅಂದ ಹಾಗೆ ಈ ಆಟವನ್ನು 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಸೇರಿಸಿದ್ದು 2023ರಲ್ಲಿ ನಮ್ಮ ಮುಂಬೈಯಲ್ಲಿ ನಡೆದ ಒಲಿಂಪಿಕ್ ಸಮಿತಿಯ ಸಭೆಯಲ್ಲೇ, ಕ್ರಿಕೆಟ್ ಜೊತೆಗೆ. ಊರಲ್ಲಿ ಇದೇನು ಆಟ ಅಂತ ಕೇಳಿದರೆ ಅದನ್ನೇ ಹೇಳಿ.