ಅಜ್ಜನ ಜೋಡಿ ನಳಿಕೆ ಕೋವಿಗೆ ಬ್ಲೂಯಿಂಗ್: ಮಾಡಿಸಿದವರು ಹೇಳಿ

ವಿರಾಜಪೇಟೆಯಿಂದ ಕೇಳಿದ್ದು: ಅಜ್ಜನ ಕಾಲದ ಜೋಡಿ ನಳಿಕೆ ಕೋವಿ, ಬರ್ಮಿಂಗ್‌ಹ್ಯಾಮ್‌ನಲ್ಲಿ ಮಾಡಿದ್ದು. ಕೈ ಹಿಡಿಯುವ ಜಾಗದಲ್ಲಿ ಬ್ಲೂಯಿಂಗ್ (ಉಕ್ಕಿಗೆ ತುಕ್ಕು ಹಿಡಿಯದಂತೆ ಕೊಡುವ ನೀಲಿಗಪ್ಪು ಮೇಲ್ಪದರ) ಸವೆದು ಬೆಳ್ಳಗಾಗಿದೆ. ಅಲ್ಲಲ್ಲಿ ತುಕ್ಕಿನ ಚುಕ್ಕಿ. ಸೆಪ್ಟೆಂಬರಿನ ಆಯುಧಪೂಜೆಯ ಹಬ್ಬ ಕೈಲ್ ಪೊಳ್ದ್‌ಗೆ ಮುಂಚೆ ಸರಿ ಮಾಡಿಸಬೇಕು. ಬಿಸಿ ಬ್ಲೂಯಿಂಗ್ ಮಾಡಿಸಲಾ, ಬಾಟಲಿಯಲ್ಲಿ ಬರುವುದನ್ನು ಹಚ್ಚಲಾ?

ಗೋಣಿಕೊಪ್ಪದಿಂದ: ಬಿಸಿ ಬ್ಲೂಯಿಂಗ್ ಬೇಡವೇ ಬೇಡ ಅಣ್ಣ. ಕಾಸ್ಟಿಕ್ ಸೋಡಾ, ನೈಟ್ರೇಟ್ ಉಪ್ಪು ಕರಗಿಸಿ 140 ಡಿಗ್ರಿ ಆಸುಪಾಸು ಕಾಯಿಸಿದ ನೀರಲ್ಲಿ ಮುಳುಗಿಸುತ್ತಾರೆ. ರಿವಾಲ್ವರಿಗೆ ಅದು ಸರಿ. ಆದರೆ ಹಳೇ ಜೋಡಿ ನಳಿಕೆಯನ್ನು ಕೂಡಿಸಿರುವುದು ತವರ, ಸೀಸದ ಬೆಸುಗೆ. ಕಾಸ್ಟಿಕ್ ಆ ಬೆಸುಗೆಯನ್ನೇ ತಿನ್ನುತ್ತದೆ. ನಮ್ಮ ನೆಂಟರ ಕೋವಿಗೆ ಹಾಗೇ ಆಯಿತು. ಮೊದಲು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಆರು ತಿಂಗಳಿಗೆ ಎರಡು ನಳಿಕೆಗಳ ನಡುವಿನ ಪಟ್ಟಿಯ ಅಂಚಿನಿಂದ ತುಕ್ಕುನೀರು ಒಸರಿತು. ನೇತುಹಾಕಿ ತಟ್ಟಿದರೆ ಗಂಟೆಯಂತೆ ಕೇಳಬೇಕಾದ ನಳಿಕೆ ಟಪ್ ಎಂದಿತು, ಬೆಸುಗೆ ಬಿಟ್ಟಿತ್ತು.

ನಾನು ಮಾಡಿಸಿದ್ದು ತುಕ್ಕಿನ ಬ್ಲೂಯಿಂಗ್, ಹಳೇ ಪದ್ಧತಿ. ಲೈಸೆನ್ಸ್ ಇರುವ ರಿಪೇರಿಯವರ ಪಕ್ಕದಲ್ಲೇ ಕೂತು ನೋಡಿದೆ. ಜಿಡ್ಡು ಪೂರ್ತಿ ತೆಗೆದರು. ನಳಿಕೆಯ ಬಾಯಿಗೆ ಮರದ ಬಿರಡೆ ಹಾಕಿದರು. ಆಸಿಡ್ ದ್ರಾವಣವನ್ನು ತೆಳ್ಳಗೆ ಒರೆಸಿ ತೇವದ ಕೋಣೆಯಲ್ಲಿಟ್ಟರು. ನಮ್ಮ ಜುಲೈ ಮಳೆಗೆ ಎಲ್ಲಾ ಕೋಣೆಯೂ ತೇವವೇ ಅಲ್ವಾ! ಬೆಳಿಗ್ಗೆ ನೋಡಿದರೆ ನಳಿಕೆ ತುಂಬಾ ಕೆಂಪು ತುಕ್ಕು, ಮಖಮಲ್ಲಿನ ಹಾಗೆ. ಕುದಿಯುವ ಮಳೆನೀರಿಗೆ ಇಳಿಸಿದರು. ಕಣ್ಣೆದುರೇ ಕೆಂಪು ಕಪ್ಪಾಯಿತು. ತುಕ್ಕು ಮ್ಯಾಗ್ನಟೈಟ್ ಅನ್ನುವ ಕಪ್ಪು ಕಬ್ಬಿಣದ ಆಕ್ಸೈಡ್ ಆಗಿ ಕಬ್ಬಿಣಕ್ಕೆ ಕಚ್ಚಿಕೊಳ್ಳುವುದಂತೆ. ಮೇಲಿನ ಮಸಿಯನ್ನು ನಯವಾದ ಉಕ್ಕಿನ ನಾರಿನಿಂದ ಉಜ್ಜಿ, ಮತ್ತೆ ದ್ರಾವಣ, ಮತ್ತೆ ಕುದಿತ. ಏಳು ಸಲ. ಒಂದು ವಾರ ಹಿಡಿಯಿತು. ಬಣ್ಣ ಹೊಳೆಯುವುದಿಲ್ಲ, ಮಾಗಿದ ನೇರಳೆಹಣ್ಣಿನ ಹಾಗೆ ಆಳವಾಗಿದೆ.

ಸೋಮವಾರಪೇಟೆಯಿಂದ: ಬಾಟಲಿಯದು ಸ್ಕ್ರೂ ತಲೆ, ಟ್ರಿಗರ್ ಗಾರ್ಡಿನ ಅಂಚು, ಇಂಥ ಸಣ್ಣ ಜಾಗಕ್ಕೆ ಪರವಾಗಿಲ್ಲ. ನಾನು ಇಡೀ ನಳಿಕೆಗೆ ಹಚ್ಚಿ ತೇಪೆ ಹಾಕಿದ ಹಾಗೆ ಆಯಿತು. ಒಂದೇ ಮಳೆಗಾಲಕ್ಕೆ ಸವೆದೂ ಹೋಯಿತು. ಹೆಚ್ಚಿನವುಗಳಲ್ಲಿ ಸೆಲೆನಿಯಮ್ ಇರುತ್ತದೆ, ಅದು ವಿಷ. ಕೈಗವಸು ಹಾಕದೆ ಮುಟ್ಟಬೇಡಿ.

ಮಡಿಕೇರಿಯಿಂದ: ಪಾಲಿಶ್ ಮಾಡುವವರಿಗೆ ಮೊದಲೇ ಹೇಳಿ. ನಂಬರು, ಪ್ರೂಫ್ ಗುರುತು (ನಳಿಕೆ ಪರೀಕ್ಷೆಯಲ್ಲಿ ಪಾಸಾದ ಮುದ್ರೆ), ಕೆತ್ತನೆ ಇರುವ ಕಡೆ ಮೆಷಿನ್ ಬೇಡ, ಕೈಯಲ್ಲೇ ಉಜ್ಜಲಿ. ನಂಬರು ಅಳಿಸುವುದು 1959ರ ಆಯುಧ ಕಾಯ್ದೆಯ ಪ್ರಕಾರ ಅಪರಾಧ. ಕೊಡವರಿಗೆ, ಜಮ್ಮಾ (ಕೊಡಗಿನ ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೆ ಲೈಸೆನ್ಸಿನಿಂದ ಇರುವ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ. ರಿಪೇರಿಯನ್ನು ಲೈಸೆನ್ಸ್ ಇರುವವರ ಹತ್ತಿರವೇ ಮಾಡಿಸಿ.

ಮೈಸೂರಿನಿಂದ: ಕೈಲ್ ಪೊಳ್ದ್ ಅಂದಿರಲ್ಲ, ಅದಕ್ಕೆ ಒಂದು ಮಾತು. ಪೂಜೆಗೆ ಕೋವಿಗಿಡುವ ಗಂಧದ ಬೊಟ್ಟನ್ನು, ತೋಕ್ ಪೂ ಅನ್ನುವ ಹೂವನ್ನು ರಾತ್ರಿಯಿಡೀ ಹಾಗೇ ಬಿಡಬೇಡಿ. ನಮ್ಮ ತಾತನ ಕೋವಿಯ ಮೇಲೆ ಬೊಟ್ಟಿನ ಆಕಾರದಲ್ಲೇ ಮೂರು ತುಕ್ಕಿನ ಕಲೆ ಇವೆ. ಪೂಜೆಯ ದಿನ ಸಂಜೆಯೇ ಒರೆಸಿ, ತೆಳ್ಳಗೆ ಎಣ್ಣೆ ಸವರಿ. ಚರ್ಮದ ಚೀಲ ತೇವ ಹಿಡಿಯುತ್ತದೆ, ಅದರಲ್ಲಿ ಇಡಬೇಡಿ.